ಎಡಗಾಲನ ಮೇಲಿನ ಹೊಟ್ಟೆಕಿಚ್ಚು

ಮದುವೆಯಾಗಿ ಧಾರಾಪುರದಿಂದ ಕೊಯಮತ್ತೂರಿಗೆ ಬಂದಾಗ ಆ ಮನೆಯಲ್ಲಿ ನಾವಿದ್ದದ್ದು ಮೂರೇ ಜನ. ಅತ್ತೆ, ನಮ್ಮ ಯಜಮಾನರು, ನಾನು. ಭಾನುವಾರ ಸಂಜೆ ಮಾತ್ರ ಇಪ್ಪತ್ತಾರು ಜನ ಆಗುತ್ತಿದ್ದೆವು. ನಾಲ್ಕನೆಯವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಯಜಮಾನರ ಗೆಳೆಯರು. ಉಳಿದ ಇಪ್ಪತ್ತೆರಡು ಜನ ಫುಟ್‌ಬಾಲ್ ಆಟಗಾರರು. ಅವರಲ್ಲಿ ಹನ್ನೊಂದು ಜನ ಹುಣಸೆ ಬೀಜ, ಹನ್ನೊಂದು ಜನ ಅವರೆ ಬೀಜ.

ಯಜಮಾನರು ನೂಲಿನ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮದುವೆಗೆ ಮೊದಲು ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದವರು, ಮೊಣಕಾಲು ತಿರುಚಿಕೊಂಡು ಆಟ ಬಿಟ್ಟಿದ್ದರು. ಆಟ ಬಿಟ್ಟರೂ ಆಟದ ಹುಚ್ಚು ಬಿಟ್ಟಿರಲಿಲ್ಲ. ಭಾನುವಾರ ಮೂರು ಗಂಟೆ ಬಿಸಿಲು ಇಳಿಯುವಷ್ಟರಲ್ಲಿ ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಮೈದಾನ ಬರೆದು ಕೂತುಬಿಡುತ್ತಿದ್ದರು. ಎದುರಿಗೆ ಡ್ರಿಲ್ ಮೇಷ್ಟ್ರು. ಚೆಂಡು ಒಂದು ಗುಲಗಂಜಿ.

ಆ ಆಟದ ನಿಯಮ ಇಷ್ಟೇ. ಭೂಮಿಯ ಮೇಲೆ ಇದುವರೆಗೆ ಆಡಿದವರಲ್ಲೆಲ್ಲ ಮಹಾ ಶೂರರಾದವರನ್ನು ಇಬ್ಬರೂ ಹಂಚಿಕೊಂಡು ಎರಡು ತಂಡ ಕಟ್ಟಬೇಕು. ಸತ್ತವರೂ ಆಗಬಹುದು, ಮುದುಕರಾದವರೂ ಆಗಬಹುದು, ಎಲ್ಲರಿಗೂ ಇಲ್ಲಿ ಇಪ್ಪತ್ತೈದರ ಪ್ರಾಯ. ಒಬ್ಬರು ಚೆಂಡನ್ನು ಹೀಗೆ ಕೊಂಡುಹೋಗುತ್ತೇನೆ ಎಂದು ಬೀಜ ಸರಿಸುತ್ತಾ ಹೇಳಬೇಕು, ಇನ್ನೊಬ್ಬರು ಅದನ್ನು ಹೀಗೆ ತಡೆಯುತ್ತೇನೆ ಎಂದು ಉತ್ತರ ಕೊಡಬೇಕು. ಉತ್ತರ ಹೊಳೆಯದಿದ್ದರೆ ಗೋಲು. ಜಗಳ ಬಂದರೆ ಕಂಬಕ್ಕೊರಗಿ ತೂಕಡಿಸುತ್ತಿದ್ದ ನಮ್ಮತ್ತೆಯನ್ನು ಎಬ್ಬಿಸಿ, "ಅಮ್ಮಾ, ಇದು ಗೋಲು ತಾನೇ?" ಎಂದು ಕೇಳುತ್ತಿದ್ದರು. ಅತ್ತೆ ಕಣ್ಣು ಬಿಡದೆಯೇ, "ಯಾರು ಮೊದಲು ಕೇಳಿದರೋ ಅವರದು" ಎನ್ನುತ್ತಿದ್ದರು.

ಆಟಗಾರರಿಗೆ ಅವರಿಟ್ಟ ಅಡ್ಡಹೆಸರುಗಳೇ ನನಗೆ ಗೊತ್ತು. ಪರದೇಶದವರ ಹೆಸರು ಇಬ್ಬರ ಬಾಯಿಗೂ ಹೊರಳುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರ ತಂಡದ ಹಿಂಬದಿಯಲ್ಲಿ 'ಕೋಣ' ಇದ್ದ, ಅವನನ್ನು ದಾಟಲು ಯಾರಿಗೂ ಆಗುತ್ತಿರಲಿಲ್ಲವಂತೆ. ಯಜಮಾನರ ತಂಡದ ನಡುವೆ 'ಗಡಿಯಾರ' ಇದ್ದ, ಕೊಡಬೇಕಾದ ಹೊತ್ತಿಗೆ ಸರಿಯಾಗಿ ಚೆಂಡು ಕೊಡುವವನು. ಮತ್ತೆ, ಎಡ ಅಂಚಿನಲ್ಲಿ, ಹೊಳೆಯುವ ದೊಡ್ಡ ಹುಣಸೆ ಬೀಜವಾಗಿ, 'ಎಡಗಾಲ'.

ಅವನ ಮೇಲೆಯೇ ನನಗೆ ಹೊಟ್ಟೆಕಿಚ್ಚು.

ಇದು ಹೇಗೆ ಶುರುವಾಯಿತೆಂದರೆ, ನಮ್ಮ ಯಜಮಾನರು ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಕೆಟ್ಟವರೇನಲ್ಲ. ಬೈದವರಲ್ಲ, ಗದರಿದವರಲ್ಲ. ಆದರೆ ಬೆಳಿಗ್ಗೆ ಮಿಲ್ಲಿನ ಸಂಗು, ಅಂದರೆ ಸೈರನ್ನು, ಊದುವ ಮೊದಲು "ಬಿಸಿನೀರು ಆಯ್ತಾ?", ಸಂಜೆ ಬಂದು "ಅಮ್ಮ ಊಟ ಮಾಡಿದಳಾ?", ತಟ್ಟೆಯ ಮುಂದೆ "ಸಾಕು". ಇಷ್ಟು ನನ್ನ ಪಾಲಿಗೆ. ನಾವು ನೇಕಾರರ ಪೈಕಿ, ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಅವರ ಕನ್ನಡವೆಲ್ಲ ಈ ಮೂರು ನಾಲ್ಕು ಮಾತಿನಲ್ಲಿ ಮುಗಿದುಹೋಗುತ್ತದೆಂದು ನಾನು ತಿಳಿದಿದ್ದೆ. ಭಾನುವಾರ ಜಗಲಿಯಲ್ಲಿ ಮೇಷ್ಟ್ರ ಮುಂದೆ ಕೂತರೆ ಅದೇ ಮನುಷ್ಯನ ಬಾಯಿಂದ ತಮಿಳು ಹೊಳೆಯ ಹಾಗೆ ಹರಿಯುತ್ತಿತ್ತು. ಕೈ ಎತ್ತಿ, ತೊಡೆ ತಟ್ಟಿ, ನಕ್ಕು, ಕೂಗಿ. ಮೊದಲ ಸಲ ಅವರ ನಗು ಕೇಳಿದಾಗ ಯಾರೋ ಹೊಸಬರು ಬಂದಿದ್ದಾರೆಂದು ನಾನು ಅಡುಗೆಮನೆಯಿಂದ ಇಣುಕಿ ನೋಡಿದ್ದೆ.

ಒಂದು ದಿನ ಊಟಕ್ಕೆ ಬಡಿಸುವಾಗ ಧೈರ್ಯ ಮಾಡಿ ಕೇಳಿದೆ. "ಏನ್ರೀ, ಆ ಎಡಗಾಲ ಅಂದರೆ ಯಾರು?"

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಮದುವೆಯಾದ ಮೇಲೆ ಅಷ್ಟು ಹೊತ್ತು ನನ್ನನ್ನು ನೋಡಿದ್ದು ಅದೇ ಮೊದಲು ಅನ್ನಿಸಿತು.

"ನಾನು ಕಣ್ಣಾರೆ ನೋಡಿದವನು ಅವನೊಬ್ಬನೇ," ಎಂದರು. "ಉಳಿದವರೆಲ್ಲ ಪೇಪರಿನಲ್ಲಿ ಓದಿದ್ದು. ಮಿಲ್ಲಿನ ಟೀಮಿನ ಜತೆ ಮದರಾಸಿಗೆ ಹೋಗಿದ್ದಾಗ ಒಂದು ಮ್ಯಾಚು ನೋಡಿದೆ. ಬರಿಗಾಲು. ಮಳೆ ಬಂದು ನೆಲವೆಲ್ಲ ಕೆಸರು. ಬೂಟು ಹಾಕಿದವರು ಜಾರಿ ಬೀಳ್ತಾ ಇದ್ದಾರೆ, ಇವನು ಮಾತ್ರ…"

ಹೇಳುತ್ತಾ ಹೋದರು. ಅವನು ಓಡುವಾಗ ಭುಜ ಹೇಗೆ ಒಂದು ಕಡೆ ವಾಲುತ್ತಿತ್ತು, ಎದುರಿನವನು ಆ ಕಡೆ ಹೊರಟಾಗ ಇವನು ಹೇಗೆ ಈ ಕಡೆಯಿಂದ ಜಾರಿಬಿಡುತ್ತಿದ್ದ, ಚೆಂಡು ಪಾದಕ್ಕೆ ಹೇಗೆ ಬೆಕ್ಕಿನ ಮರಿಯ ಹಾಗೆ ಅಂಟಿಕೊಂಡಿರುತ್ತಿತ್ತು. ಅನ್ನ ಆರಿತು. ನಾನು ಸಾರಿನ ಸೌಟು ಹಿಡಿದುಕೊಂಡು ಕೂತೇ ಇದ್ದೆ. ಮೊದಮೊದಲು ನನಗೆ ಹಬ್ಬವೇ ಆಯಿತು, ಇವರು ನನ್ನ ಹತ್ತಿರ ಇಷ್ಟು ಮಾತಾಡುತ್ತಿದ್ದಾರಲ್ಲ ಎಂದು. ಆಮೇಲೆ ಅವರ ಮುಖ ನೋಡಿದೆ. ಅದು ಸೌಟು ಹಿಡಿದ ನನ್ನ ಕಡೆಗಿರಲಿಲ್ಲ. ನನ್ನ ಹಿಂದಿದ್ದ ಗೋಡೆಯ ಕಡೆಗಿತ್ತು, ಆ ಗೋಡೆಯ ಮೇಲೆ ಅವನು ಓಡುತ್ತಿದ್ದ.

ಅಂದಿನಿಂದ ನನಗೆ ಆ ಬೀಜವನ್ನು ಕಂಡರೆ ಆಗದು. ಆಟ ಮುಗಿದ ಮೇಲೆ ಬೀಜಗಳನ್ನು ಡಬ್ಬಿಗೆ ತುಂಬುವ ಕೆಲಸ ನನ್ನದು. ಇಪ್ಪತ್ತೊಂದನ್ನು ಬಾಚಿ ಹಾಕುತ್ತಿದ್ದೆ. ಎಡಗಾಲನನ್ನು ಮಾತ್ರ ಯಜಮಾನರು ತಾವೇ ಎತ್ತಿ, ಅಂಗಿಯ ತುದಿಯಿಂದ ಒರೆಸಿ ಇಡುತ್ತಿದ್ದರು. ನನ್ನ ಹಣೆಯ ಬೆವರು ಒರೆಸಿದವರಲ್ಲ ಅವರು.

ಅತ್ತೆಗೆ ನನ್ನ ಮುಖ ನೋಡಿ ಗೊತ್ತಾಗಿರಬೇಕು. ಒಂದು ಮಧ್ಯಾಹ್ನ ನಡುಮನೆಯಲ್ಲಿದ್ದ ಹಳೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, "ನಿನ್ನ ಮಾವನಿಗೆ ಪಾರಿವಾಳ," ಎಂದರು. "ಸಂಜೆಯಾದರೆ ಮಾಳಿಗೆ ಮೇಲೆ ಅವುಗಳ ಜತೆ ಮಾತು. ಇವನಿಗೆ ಬೀಜ. ಬೀಜ ಹಿಕ್ಕೆಯಾದರೂ ಹಾಕಲ್ಲ, ಸಂತೋಷ ಪಡು."

ನನಗೆ ಸಂತೋಷವಾಗಲಿಲ್ಲ. ಆದರೆ ಸುಮ್ಮನೆ ಉರಿಯುತ್ತಾ ಕೂರುವ ಬದಲು ಆಟವನ್ನು ಗಮನಿಸತೊಡಗಿದೆ. ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ನನಗೆ ಎಲ್ಲ ತಿಳಿಯಿತು. ಯಾರು ಬ್ಯಾಕು, ಯಾರು ಹಾಫು, ಯಾರು ಫಾರ್ವರ್ಡು. ಮೇಷ್ಟ್ರು ಪ್ರತಿ ವಾರ ಸೋಲುತ್ತಿದ್ದರು, ಪ್ರತಿ ವಾರ ಒಂದೇ ರೀತಿ. ಎಡಗಾಲನ ಹತ್ತಿರ ಚೆಂಡು ಬಂದಕೂಡಲೇ ಕೋಣನನ್ನೂ ಇನ್ನೊಬ್ಬನನ್ನೂ ಅವನ ಮೇಲೆ ಬಿಡುತ್ತಿದ್ದರು. ಇಬ್ಬರು ಅತ್ತ ಹೋದಕೂಡಲೇ ನಡುವೆ ಜಾಗ ಖಾಲಿ. ಎಡಗಾಲ ಆ ಖಾಲಿ ಜಾಗಕ್ಕೆ ಚೆಂಡು ತಳ್ಳಿದರೆ ಬೇರೆ ಯಾರಾದರೂ ಗೋಲು ಹೊಡೆಯುತ್ತಿದ್ದರು. ಒಬ್ಬನನ್ನೇ ಬಿಟ್ಟರೆ ಎಡಗಾಲ ಅವನನ್ನು ದಾಟಿ ತಾನೇ ಹೊಡೆಯುತ್ತಿದ್ದ.

ಅವನನ್ನು ಹೇಗೆ ಕೆಡವಬೇಕೆಂದು ನನಗೆ ತಿಳಿದದ್ದು ನನ್ನ ಸ್ಥಿತಿಯಿಂದಲೇ. ಆ ಮನೆಯಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ, ಯಾರೂ ನೂಕಿರಲಿಲ್ಲ. ಮಾತು ನನ್ನ ತನಕ ಬರುತ್ತಿರಲಿಲ್ಲ, ಅಷ್ಟೇ. ಒಬ್ಬ ಮನುಷ್ಯನನ್ನು ಮೂಲೆಗೆ ಕೂರಿಸಲು ಅಷ್ಟು ಸಾಕು.

ಮುಂದಿನ ಭಾನುವಾರ ಯಜಮಾನರು ಎದುರು ಬೀದಿಗೆ ವೀಳ್ಯದೆಲೆ ತರಲು ಹೋದಾಗ ಮೇಷ್ಟ್ರಿಗೆ ಕಾಫಿ ಲೋಟ ಕೊಡುತ್ತಾ ತಮಿಳಿನಲ್ಲಿ ಹೇಳಿದೆ. "ಅಣ್ಣಾ, ಎಡಗಾಲನ ಹಿಂದೆ ಹೋಗಬೇಡಿ. ಗಡಿಯಾರನ ಹಿಂದೆ ಹೋಗಿ. ಎಡಗಾಲನಿಗೆ ಚೆಂಡು ಕೊಡುವವನು ಅವನೊಬ್ಬನೇ."

ಮೇಷ್ಟ್ರು ನನ್ನನ್ನು ನೋಡಿದರು, ಮೈದಾನ ನೋಡಿದರು. ಲೋಟ ಕೆಳಗಿಟ್ಟರು. "ಇದು ನನಗೆ ಹೊಳೀಲೇ ಇಲ್ಲವಲ್ಲ ಅಮ್ಮಿಣಿ!" ಎಂದರು. ಕೊಯಮತ್ತೂರಿನ ಕಡೆ ತಂಗಿಯಂಥವರನ್ನು ಅಕ್ಕರೆಯಿಂದ ಕರೆಯುವುದೇ ಹಾಗೆ.

ಆ ದಿನದ ಆಟವನ್ನು ನಾನು ಮರೆತಿಲ್ಲ. ಮೇಷ್ಟ್ರು ತಮ್ಮ ಇಬ್ಬರನ್ನು ಗಡಿಯಾರನ ಅಕ್ಕಪಕ್ಕ ನಿಲ್ಲಿಸಿಬಿಟ್ಟರು. ಯಜಮಾನರು ಚೆಂಡನ್ನು ಎಲ್ಲಿಂದ ಹೊರಡಿಸಿದರೂ ಅದು ಗಡಿಯಾರನ ತನಕ ಬಂದು ನಿಲ್ಲುತ್ತಿತ್ತು. ಎಡಗಾಲ ಸುಣ್ಣದ ಗೆರೆಯ ಪಕ್ಕದಲ್ಲಿ, ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಬಡಿಸುವವರು ಮರೆತ ನೆಂಟನ ಹಾಗೆ, ನಿಂತೇ ಇದ್ದ. ಒಂದು ಸಲವೂ ಆ ಬೀಜ ಅಲುಗಲಿಲ್ಲ. ಯಜಮಾನರು ತಲೆ ಕೆರೆದುಕೊಂಡರು, ವೀಳ್ಯ ಉಗುಳಿ ಬಂದರು, ಮತ್ತೆ ಕೂತರು. ಕೊನೆಗೆ ಮೇಷ್ಟ್ರದೇ ಒಂದು ಗೋಲು. ನಾನು ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದೆ. ನನಗೆ ಅಷ್ಟು ಖುಷಿ ಆ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ.

ಮೇಷ್ಟ್ರು ಒಳ್ಳೆಯವರು, ಬೇರೆಯವರದನ್ನು ತಮ್ಮದೆಂದು ಹೇಳಿಕೊಳ್ಳುವವರಲ್ಲ. ಎದ್ದು ಹೊರಡುವಾಗ ಬಾಗಿಲ ಕಡೆ ನೋಡಿ, "ಗೆದ್ದದ್ದು ನಾನಲ್ಲಪ್ಪಾ, ನಿಮ್ಮನೆ ಅಮ್ಮಿಣಿ!" ಎಂದು ಎಲ್ಲವನ್ನೂ ಹೇಳಿಬಿಟ್ಟರು.

ಯಜಮಾನರು ನಗಲಿಲ್ಲ. ಬೀಜಗಳನ್ನು ತಾವೇ ಬಾಚಿ ಡಬ್ಬಿಗೆ ಹಾಕಿದರು. ಒಳಗೆ ಬಂದು ಬಹಳ ಹೊತ್ತು ಪಂಚೆಯ ಗಂಟು ಬಿಗಿಮಾಡಿಕೊಳ್ಳುತ್ತಾ ನಿಂತರು.

"ನನಗೆ ಹೇಳಬಹುದಿತ್ತಲ್ಲ," ಎಂದರು.

"ನೀವು ಕೇಳಲಿಲ್ಲ."

"ಅವರು ಕೇಳಿದ್ದರಾ?"

"ಇಲ್ಲ. ಅವರು ಸೋಲ್ತಾ ಇದ್ದರು."

"ಓಹೋ," ಎಂದು ಹೊರಗೆ ಹೋದರು.

ಅದಾದ ಮೇಲೆ ಎರಡು ಮೂರು ವಾರ ನಾನು ಬಾಗಿಲ ಹಿಂದೆ ನಿಲ್ಲಬೇಕಾಗಲಿಲ್ಲ. ಮೇಷ್ಟ್ರು ಬಂದಕೂಡಲೇ, "ಅಮ್ಮಿಣಿ, ವಾಂಗ, ಬಂದು ಕೂತುಕೊಳ್ಳಿ," ಎಂದು ಕರೆಯುತ್ತಿದ್ದರು. ನಾನು ಅತ್ತೆಯ ಪಕ್ಕ ಕಂಬದ ಬಳಿ ಕೂರುತ್ತಿದ್ದೆ. ಮೇಷ್ಟ್ರು ಒಂದೊಂದು ಬೀಜ ಸರಿಸುವ ಮೊದಲೂ ನನ್ನ ಕಡೆ ತಿರುಗಿ, "ಏನಂತೀರಿ?" ಎನ್ನುವರು. ನಾನು ಹೇಳುವೆ. ಒಮ್ಮೆ ನಾನು ಹೇಳಿದ್ದಕ್ಕೆ ಮೇಷ್ಟ್ರು ಜೋರಾಗಿ ನಕ್ಕರು, ನಾನೂ ನಕ್ಕೆ. ಯಜಮಾನರು ಕೈಯಲ್ಲಿದ್ದ ಗುಲಗಂಜಿಯನ್ನು ಜಗಲಿಯ ಮೇಲೆ ಕುಕ್ಕಿ, "ಇದು ಆಟವೋ ತಮಾಷೆಯೋ?" ಎಂದರು. ಅವರ ಕಿವಿ ಕೆಂಪಾಗಿತ್ತು.

ಮುಂದಿನ ಭಾನುವಾರ ಮಿಲ್ಲಿನಲ್ಲಿ ಕೆಲಸವಿದೆ ಎಂದು ಹೊರಟುಹೋದರು. ಅದರ ಮುಂದಿನ ಭಾನುವಾರವೂ ಹಾಗೇ. ಮೇಷ್ಟ್ರು ಬಂದು ಅತ್ತೆಯ ಹತ್ತಿರ ಮಳೆ, ನೂಲಿನ ಬೆಲೆ ಎಂದು ಸ್ವಲ್ಪ ಹೊತ್ತು ಮಾತಾಡಿ, ಡಬ್ಬಿಯ ಕಡೆ ಒಮ್ಮೆ ನೋಡಿ ಎದ್ದುಹೋದರು. ಆಮೇಲೆ ಬರುವುದನ್ನೂ ನಿಲ್ಲಿಸಿದರು.

ಇದು ಏನೆಂದು ಅರ್ಥವಾಗಲು ನನಗೆ ಸ್ವಲ್ಪ ದಿನ ಬೇಕಾಯಿತು. ಅರ್ಥವಾದಾಗ, ನಿಜ ಹೇಳುತ್ತೇನೆ, ಒಳಗೊಳಗೇ ತಂಪಾಯಿತು. ಮೊದಲ ಸಲ ಆ ಮನೆಯಲ್ಲಿ ಹೊಟ್ಟೆ ಉರಿಯುತ್ತಿದ್ದುದು ನನ್ನದಲ್ಲ. ಆದರೆ ಆ ತಂಪು ಹೆಚ್ಚು ದಿನ ನಿಲ್ಲಲಿಲ್ಲ. ಭಾನುವಾರದ ಸಂಜೆ ಭಣಭಣ ಎನ್ನತೊಡಗಿತು. ಜಗಲಿಯ ಸುಣ್ಣದ ಗೆರೆ ನಾನು ಗುಡಿಸಿ ಗುಡಿಸಿ ಮಾಸಿಹೋಯಿತು. ಯಜಮಾನರಿಗೆ ಮಿಲ್ಲಿನಲ್ಲಿ ಕೆಲಸವೇನೂ ಇರಲಿಲ್ಲ ಎಂಬುದು ಅತ್ತೆಗೆ ಯಾರಿಂದಲೋ ತಿಳಿಯಿತು. ಕೆರೆಯ ಏರಿಯ ಮೇಲೆ ಒಬ್ಬರೇ ಕೂತಿರುತ್ತಿದ್ದರಂತೆ.

ಅತ್ತೆ ಮಗನನ್ನು ಹಿಡಿದು ಕೂರಿಸಿದರು. ನಾನು ಅಡುಗೆಮನೆಯಲ್ಲೇ ಇದ್ದೆ, ನನಗೆ ಕೇಳಲೆಂದೇ ಜೋರಾಗಿ ಹೇಳಿದರು.

"ಲೋ, ನಿನ್ನ ಹೆಂಡತಿ ಜಾಣೆ ಅಂತ ನಿನಗೆ ಕೋಪವೋ, ನಿನ್ನ ಗೆಳೆಯನಿಗೆ ಅದು ಮೊದಲು ಗೊತ್ತಾಯ್ತು ಅಂತ ಕೋಪವೋ?"

ಯಜಮಾನರು ಅಂಗಿಯ ಗುಂಡಿ ತಿರುವತೊಡಗಿದರು.

"ಎರಡನೆಯದಾದರೆ ತಪ್ಪು ನಿನ್ನದು. ಹೋಗಿ ಮೇಷ್ಟ್ರನ್ನು ಕರಕೊಂಡು ಬಾ. ಭಾನುವಾರ ನಿದ್ದೆ ಬರ್ತಿಲ್ಲ ನನಗೆ."

ಮುಂದಿನ ವಾರ ಇಬ್ಬರೂ ಜತೆಯಲ್ಲೇ ಸೈಕಲ್ ತಳ್ಳಿಕೊಂಡು ಬಂದರು. ದಾರಿಯಲ್ಲಿ ಏನು ಮಾತಾಡಿಕೊಂಡರೋ ತಿಳಿಯದು. ಹೊಸದಾಗಿ ಗೆರೆ ಎಳೆದರು. ನಾನು ಒಳಗೇ ಇದ್ದೆ. ಸ್ವಲ್ಪ ಹೊತ್ತಿಗೆ ಯಜಮಾನರ ದನಿ ಕೇಳಿತು. "ಇವಳೇ, ಬಾ ಇಲ್ಲಿ. ನೋಡು."

ಬಂದು ಕಂಬದ ಬಳಿ ಕೂತೆ. ಮೇಷ್ಟ್ರು ಎಂದಿನಂತೆ ಗಡಿಯಾರನನ್ನು ಇಬ್ಬರಿಂದ ಮುತ್ತಿದರು. ಯಜಮಾನರು ನನ್ನ ಮುಖ ನೋಡಿ, ನಿಧಾನವಾಗಿ, ಗುಲಗಂಜಿಯನ್ನು ಹಿಂದೆ ಹಿಂದೆ ತೆಗೆದುಕೊಂಡು ಹೋಗಿ ತಮ್ಮ ಗೋಲ್‌ಕೀಪರ್ ಕೈಗೆ ಕೊಟ್ಟರು. "ಇವನು ಒದೆಯುವುದಿಲ್ಲ," ಎಂದರು. "ಕೈಯಲ್ಲಿ ಎಸೀತಾನೆ. ಎಲ್ಲರ ತಲೆ ಮೇಲೆ, ನೇರ ಎಡಗಾಲನಿಗೆ. ಗಡಿಯಾರನೇ ಬೇಡ." ಮೇಷ್ಟ್ರ ಬೀಜಗಳೆಲ್ಲ ನಡುವೆ ಗುಂಪಾಗಿದ್ದವು. ಎಡಗಾಲನ ಮುಂದೆ ಇಡೀ ಬಯಲು. ಮೇಷ್ಟ್ರಿಗೆ ಉತ್ತರವಿರಲಿಲ್ಲ, ನನಗೂ ಇರಲಿಲ್ಲ. ಗೋಲು.

ಇಷ್ಟು ದಿನ ಕೆರೆ ಏರಿಯ ಮೇಲೆ ಕೂತು ಇವರು ಯೋಚಿಸಿದ್ದು ಇದನ್ನು! ಎಡಗಾಲನನ್ನು ಬಿಡಿಸಿಕೊಂಡು ಬರುವುದು ಹೇಗೆಂದು. ನನ್ನನ್ನಲ್ಲ. ಮತ್ತೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು.

"ಅಷ್ಟು ದೂರ ಕೈಯಲ್ಲಿ ಎಸೆಯುವವನು ಯಾರು ಅವನು?" ಎಂದು ಕೇಳಿದೆ. "ಅವನಿಗೆ ಅಡ್ಡಹೆಸರೇ ಇಲ್ಲವಲ್ಲ. ಯಾವ ದೇಶದವನು?"

ಯಜಮಾನರು ತಲೆ ತಗ್ಗಿಸಿದರು. ಮೇಷ್ಟ್ರು ನನ್ನನ್ನು ನೋಡಿ, "ತಿಳೀಲಿಲ್ವಾ ಅಮ್ಮಿಣಿ?" ಎಂದರು ಮೆಲ್ಲಗೆ. "ಅದು ಇವರೇ."

ಭೂಮಿಯ ಮೇಲಿನ ಹತ್ತು ಮಹಾ ಶೂರರನ್ನು ಆರಿಸಿ, ಹನ್ನೊಂದನೆಯ ಜಾಗದಲ್ಲಿ, ಮೊಣಕಾಲು ತಿರುಚಿದ ಮಿಲ್ಲಿನ ಗುಮಾಸ್ತರು ತಾವೇ ನಿಂತಿದ್ದರು. ಮೇಷ್ಟ್ರಿಗೆ ಅದು ಮೊದಲ ದಿನದಿಂದ ಗೊತ್ತಿತ್ತು. ಅವರು ಒಂದು ಸಲವೂ ಅದನ್ನು ತಮಾಷೆ ಮಾಡಿರಲಿಲ್ಲ, ಆ ಬೀಜವನ್ನು ದಾಟಿ ಗೋಲು ಹೊಡೆಯುವಾಗಲೂ, "ಇವನು ಹಿಡಿದೇಬಿಡುತ್ತಿದ್ದ, ಬಿಸಿಲು ಕಣ್ಣಿಗೆ ಬಿತ್ತು" ಎಂದು ಸಮಾಧಾನ ಹೇಳುತ್ತಿದ್ದರು. ಅದರ ಅರ್ಥ ನನಗೆ ಈಗ ಆಯಿತು. ಅವತ್ತಿನಿಂದ ಎಡಗಾಲನ ಮೇಲಿನ ನನ್ನ ಕಿಚ್ಚು ಆರಿಹೋಯಿತು. ಅದು ಮೇಷ್ಟ್ರ ಮೇಲೆ ತಿರುಗಿತು. ನಾನು ಒಂದು ವರ್ಷ ಜತೆಯಲ್ಲಿ ಬಾಳಿ ಕಾಣದೆ ಹೋದದ್ದನ್ನು ಅವರು ಕಂಡಿದ್ದರು, ಕಂಡು ಕಾಪಾಡಿದ್ದರು.

ಆಮೇಲೆ ಬಹಳ ತಿಂಗಳು ಆಟ ನಡೆಯಿತು. ನಾನು ಕೆಲವು ವಾರ ಮೇಷ್ಟ್ರ ಕಡೆ, ಕೆಲವು ವಾರ ಯಜಮಾನರ ಕಡೆ. ಎರಡು ಕಡೆಯವರಿಗೂ ಒಳಗೊಳಗೆ ಉರಿ. ಮೇಷ್ಟ್ರು ಒಮ್ಮೆ ಹೇಳಿಯೇಬಿಟ್ಟರು. "ನಿಮ್ಮ ಮನೆಯಲ್ಲಿ ಯೋಚನೆ ಮಾಡಲು ಎರಡು ತಲೆ. ನಾನು ರೂಮಿಗೆ ಹೋದರೆ ಸೀಮೆಎಣ್ಣೆ ಸ್ಟವ್ ಜತೆ ಯೋಚನೆ ಮಾಡಬೇಕು." ಅವರ ಹೆಂಡತಿ ತೀರಿಕೊಂಡಿದ್ದರು. ಅವರು ನಕ್ಕುಕೊಂಡೇ ಹೇಳಿದರು, ನಾನು ಎದ್ದು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ.

ಮರುವರ್ಷ ಅವರಿಗೆ ವರ್ಗವಾಯಿತು. ಎಲ್ಲಿಗೆ ಅಂದರೆ ಧಾರಾಪುರಕ್ಕೆ. ನನ್ನ ಊರಿಗೆ. ಸುದ್ದಿ ಹೇಳಲು ಬಂದವರು, "ಅಮ್ಮಿಣಿ, ನಿಮ್ಮ ಅಮರಾವತಿ ಹೊಳೆಯಲ್ಲಿ ದಿನಾ ಈಜುತ್ತೇನೆ ನೋಡಿ," ಎಂದರು. ಯಜಮಾನರು ಗೆಳೆಯ ಹೋಗುತ್ತಾನೆಂದು ಮಂಕಾಗಿ ಕೂತರು. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಅದೇ ಹಳೆಯ ಉರಿ. ನಮ್ಮಮ್ಮ ಬಟ್ಟೆ ಒಗೆಯುವ ಕಲ್ಲು, ನಾನು ಕೊಡ ತುಂಬುತ್ತಿದ್ದ ಮೆಟ್ಟಿಲು, ಎಲ್ಲ ಇವರಿಗೆ! ನಾನು ಇಲ್ಲಿ ನಲ್ಲಿಯ ಮುಂದೆ ಸಾಲಿನಲ್ಲಿ! ಆದರೂ ಅಕ್ಕಿ ರೊಟ್ಟಿ, ಉಪ್ಪಿನಕಾಯಿ ಕಟ್ಟಿಕೊಟ್ಟೆ. ಅವರೆ ಬೀಜದ ಹನ್ನೊಂದು ಜನರನ್ನು ಅವರು ಜೇಬಿಗೆ ಹಾಕಿಕೊಂಡು ಹೋದರು.

ಅವರು ಹೋದ ಮೊದಲ ಭಾನುವಾರ ಯಜಮಾನರು ಜಗಲಿಗೆ ಬರಲಿಲ್ಲ. ಎರಡನೆಯ ಭಾನುವಾರ ಬಂದು, ಗೆರೆ ಎಳೆದು, ಹುಣಸೆ ಬೀಜ ಜೋಡಿಸಿ, ಎದುರಿನ ಖಾಲಿ ಕಡೆ ನೋಡುತ್ತಾ ಕೂತರು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದರು. ಫುಟ್‌ಬಾಲನ್ನು ಅವರು ಕನ್ನಡದಲ್ಲಿ ಆಡಿದ್ದೇ ಇಲ್ಲ.

"ನೀನು ಒಂದು ಟೀಮು ಮಾಡು."

"ನನಗೆ ಯಾವ ಶೂರರೂ ಗೊತ್ತಿಲ್ಲ."

"ಗೊತ್ತಿರೋರನ್ನೇ ಹಾಕು. ನಿನ್ನ ಊರಿನವರನ್ನ."

ನಾನು ಒಳಗಿನಿಂದ ಒಂದು ಹಿಡಿ ಕಡಲೆ ತಂದೆ. ನಮ್ಮ ನೇಕಾರರ ಬೀದಿಯಿಂದ ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿದೆ. ಗೋಲಿಗೆ ನನ್ನ ಸೋದರಮಾವ, ಏಕೆಂದರೆ ಅವರ ಮನೆಯ ಬಾಗಿಲಿನಿಂದ ಸಾಲ ವಸೂಲಿಗೆ ಬಂದವನೂ ಒಳಗೆ ಹೋಗಿದ್ದಿಲ್ಲ. ಹಿಂಬದಿಗೆ ಬೀದಿಯ ಕೊನೆಯ ಮನೆಯ ಅಜ್ಜಿ, ಅವರು ಕಣ್ಣು ಬಿಟ್ಟರೆ ದನವೂ ದಾರಿ ಬದಲಿಸುತ್ತಿತ್ತು. "ಹೆಂಗಸರನ್ನ ಹಾಕಬಹುದಾ?" ಎಂದು ಯಜಮಾನರು ಕೇಳಿದರು. "ನನ್ನ ಟೀಮು," ಎಂದೆ. ಅವರು ನಕ್ಕರು. ಒಬ್ಬೊಬ್ಬರ ವಿಷಯ ಕೇಳಿದರು. ಸೋದರಮಾವ ಎಷ್ಟು ಎತ್ತರ, ಅಜ್ಜಿಗೆ ಎಷ್ಟು ಮಕ್ಕಳು, ಹೊಳೆ ಮನೆಯಿಂದ ಎಷ್ಟು ದೂರ, ಚಿಕ್ಕವಳಿದ್ದಾಗ ನಾನು ಯಾರ ಜತೆ ಆಡುತ್ತಿದ್ದೆ. ಇದನ್ನೆಲ್ಲ ಅವರು ಅದುವರೆಗೆ ಕೇಳಿರಲಿಲ್ಲ. ನಾನು ಹೇಳುತ್ತಾ ಹೇಳುತ್ತಾ ನಡುವಿನ ಫಾರ್ವರ್ಡ್ ಜಾಗಕ್ಕೆ ಬಂದೆ.

"ಇದು ಪಕ್ಕದ ಮನೆಯವರ ದೊಡ್ಡ ಮಗ," ಎಂದೆ. "ಹೊಳೆ ತುಂಬಿ ಬಂದಾಗಲೂ ಆಚೆ ದಡಕ್ಕೆ ಈಜಿಬಿಡುತ್ತಿದ್ದ. ಓಡಿದರೆ ಹಿಡಿಯುವವರಿರಲಿಲ್ಲ. ಗಿಡುಗ ಹಾರಿದ ಹಾಗೆ."

ಯಜಮಾನರ ಕೈ ತಮ್ಮ ಬೀಜದ ಮೇಲೆ ನಿಂತಿತು.

"ಗಿಡುಗ ಹಾರಿದ ಹಾಗೆ," ಎಂದರು.

"ಹೌದು."

"ನೀನು ನೋಡಿದ್ದೀಯಾ?"

"ದಿನಾ."

ನನ್ನ ಕಡಲೆಯನ್ನು ದಿಟ್ಟಿಸಿದರು. "ಅವನನ್ನ ನಡುವೆಯೇ ಹಾಕಬೇಕಾ?" ಎಂದರು. "ಹಿಂದೆ ಬ್ಯಾಕಿಗೆ ಹಾಕಬಾರದಾ?"

ಅವರ ಕಿವಿ ಕೆಂಪಾಗುತ್ತಾ ಬರುವುದನ್ನು ನೋಡುತ್ತಾ ನಾನು ಆ ಕಡಲೆಯನ್ನು ಇನ್ನೂ ಒಂದು ಬೆರಳು ಮುಂದಕ್ಕೆ ಸರಿಸಿದೆ.